ಒಂದು ಮುಖ, ಹಲವು ಜಾಡು: ಬಹುಜಾಡಿನ ಗ್ರಾಮಫೋನ್ ತಟ್ಟೆಗಳು ಮತ್ತು ಪಠ್ಯದ ಪ್ರಶ್ನೆ

ಗ್ರಾಮಫೋನ್ ತಟ್ಟೆಯ ಮೇಲೆ ನೂರಾರು ಗೆರೆಗಳಿರುವಂತೆ ಕಣ್ಣಿಗೆ ತೋರುತ್ತದೆ. ವಾಸ್ತವದಲ್ಲಿ ಸಾಮಾನ್ಯ ತಟ್ಟೆಯ ಒಂದು ಮುಖದಲ್ಲಿರುವುದು ಒಂದೇ ಗೆರೆ. ಹೊರಅಂಚಿನಿಂದ ಹೊರಟು ನಡುವಿನ ಲೇಬಲ್ಲಿನವರೆಗೆ ಸುರುಳಿಯಾಗಿ ಸಾಗುವ ಆ ಜಾಡಿನಲ್ಲಿಯೇ ಹಾಡು ಅಡಗಿರುತ್ತದೆ. ಈ ನಿಯಮಕ್ಕೆ ಅಪವಾದವಾದ ತಟ್ಟೆಗಳೂ ಉಂಟು. ಅವುಗಳಲ್ಲಿ ಎರಡು, ಮೂರು, ಕೆಲವೊಮ್ಮೆ ಎಂಟು ಜಾಡುಗಳು ಒಂದರ ಮಗ್ಗುಲಲ್ಲಿ ಇನ್ನೊಂದು ಹೆಣೆದುಕೊಂಡು ಸಾಗುತ್ತವೆ. ಮುಳ್ಳು ಯಾವ ಜಾಡಿಗೆ ಇಳಿಯಿತೋ ಅದರ ಧ್ವನಿಯಷ್ಟೇ ಕೇಳಿಸುತ್ತದೆ, ಉಳಿದವು ಮೌನವಾಗಿರುತ್ತವೆ. ಸಂಗ್ರಾಹಕರು ಇವುಗಳನ್ನು ವಿನೋದದ ವಸ್ತುಗಳೆಂದು ಅರಸುತ್ತಾರೆ. ಪ್ರತಿ, ಪಾಠ, ಪಾಠಾಂತರಗಳೊಡನೆ ವ್ಯವಹರಿಸುವ ಸಾಹಿತ್ಯದ ವಿದ್ಯಾರ್ಥಿಗೆ ಇವು ಒಡ್ಡುವ ಪ್ರಶ್ನೆ ಬೇರೆ: ಒಂದು ಕೃತಿಯನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಕೇಳಿದ ಮಾತ್ರಕ್ಕೆ ಅದನ್ನು ಪೂರ್ಣವಾಗಿ ಅರಿತಂತಾಯಿತೇ?

ಈ ಚಮತ್ಕಾರಕ್ಕೆ ಅವಕಾಶವಾದದ್ದು ತಟ್ಟೆಯ ರಚನೆಯಿಂದಲೇ. ಎಡಿಸನ್ನನ ಫೋನೋಗ್ರಾಫಿನಲ್ಲಿ ಧ್ವನಿ ಉರುಳೆಯ ಮೇಲೆ ಮುದ್ರಿತವಾಗುತ್ತಿತ್ತು. ಮುಳ್ಳನ್ನು ಮುಂದೆ ಸಾಗಿಸಲು ಪ್ರತ್ಯೇಕವಾದ ತಿರುಪು ಇರುತ್ತಿತ್ತು. ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ ಗ್ರಾಮಫೋನಿನಲ್ಲಿ ಜಾಡು ಎರಡು ಕೆಲಸಗಳನ್ನೂ ವಹಿಸಿಕೊಂಡಿತು: ಮುಳ್ಳನ್ನು ಕಂಪಿಸುವುದೂ ಅದೇ, ದಾರಿ ತೋರಿಸಿ ಒಳಕ್ಕೆ ಕರೆದೊಯ್ಯುವುದೂ ಅದೇ. ಮುಳ್ಳು ತಾನು ಹೊಕ್ಕ ಜಾಡನ್ನು ಮಾತ್ರ ಅನುಸರಿಸುವುದರಿಂದ, ಸುರುಳಿಗಳ ನಡುವೆ ಸ್ಥಳ ಬಿಟ್ಟು ಅಲ್ಲಿ ಇನ್ನೊಂದು ಸುರುಳಿಯನ್ನು ಕೊರೆಯಲು ಸಾಧ್ಯವಾಯಿತು. 20ನೆಯ ಶತಮಾನದ ಆರಂಭದ ವರ್ಷಗಳಲ್ಲಿಯೇ ಇಂತಹ ಅರಗಿನ ತಟ್ಟೆಗಳು ‘ಪಜಲ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದವು. ಇದಕ್ಕೆ ತೆರಬೇಕಾದ ಬೆಲೆ ಕಾಲ. ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ತಟ್ಟೆಯ ಮುಖವೊಂದು ಸುಮಾರು 3 ನಿಮಿಷ ನುಡಿಯುತ್ತದೆ. ಎರಡು ಜಾಡುಗಳಿದ್ದರೆ ಒಂದೊಂದಕ್ಕೆ ಉಳಿಯುವುದು ಒಂದೂವರೆ ನಿಮಿಷ ಮಾತ್ರ. ಆದ್ದರಿಂದ ಈ ತಂತ್ರ ದೀರ್ಘವಾದ ಗಾಯನಕ್ಕೆ ಒಗ್ಗಲಿಲ್ಲ. ಹಾಸ್ಯ, ಭವಿಷ್ಯ ಹೇಳುವ ಆಟ, ಕುದುರೆ ಜೂಜಿನ ಆಟ ಮೊದಲಾದವುಗಳಿಗೆ ಒಗ್ಗಿತು. ಜೂಜಿನ ತಟ್ಟೆಯಲ್ಲಿ ಪ್ರತಿ ಜಾಡಿಗೂ ಗೆಲ್ಲುವ ಕುದುರೆ ಬೇರೆ. ತಟ್ಟೆಯ ಒಡೆಯನಿಗೂ ಫಲಿತಾಂಶ ಮೊದಲೇ ತಿಳಿಯದು.

1960ರ ಸುಮಾರಿಗೆ ಅಮೆರಿಕದ ಮಟೆಲ್ ಸಂಸ್ಥೆ ಹೊರತಂದ ‘ಚಾಟಿ ಕ್ಯಾತಿ’ ಎಂಬ ಮಾತನಾಡುವ ಗೊಂಬೆಯ ಒಡಲಲ್ಲಿದ್ದುದೂ ಇಂತಹದೇ ಒಂದು ಪುಟ್ಟ ತಟ್ಟೆ. ಬೆನ್ನಿನ ದಾರವನ್ನು ಎಳೆದು ಬಿಟ್ಟರೆ ಗೊಂಬೆ 11 ವಾಕ್ಯಗಳಲ್ಲಿ ಯಾವುದಾದರೊಂದನ್ನು ನುಡಿಯುತ್ತಿತ್ತು. ಮಗುವಿಗೆ ಅದು ಗೊಂಬೆಯ ಇಚ್ಛೆಯಂತೆ ತೋರುತ್ತಿತ್ತು. ಅಲ್ಲಿ ನಡೆಯುತ್ತಿದ್ದುದು ಮುಳ್ಳಿನ ಆಕಸ್ಮಿಕ ಪತನ.

1948ರಲ್ಲಿ ಬಂದ ಸೂಕ್ಷ್ಮಜಾಡಿನ ಎಲ್‌ಪಿ ತಟ್ಟೆ ಕಾಲದ ಇಕ್ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿತು. ಅದರ ಪ್ರಸಿದ್ಧ ಫಲ ಬ್ರಿಟನ್ನಿನ ಮಾಂಟಿ ಪೈಥಾನ್ ಹಾಸ್ಯತಂಡದವರು 1973ರಲ್ಲಿ ಪ್ರಕಟಿಸಿದ ‘ಮ್ಯಾಚಿಂಗ್ ಟೈ ಅಂಡ್ ಹ್ಯಾಂಡ್‌ಕರ್ಚೀಫ್’. ಅದರ ಒಂದು ಮುಖದಲ್ಲಿ ಎರಡು ಜಾಡುಗಳು. ಎರಡೂ ಮುಖಗಳ ಲೇಬಲ್ಲಿನಲ್ಲಿ ‘ಎರಡನೆಯ ಮುಖ’ ಎಂದೇ ಅಚ್ಚಾಗಿತ್ತು. ಪ್ರಸಂಗಗಳ ಪಟ್ಟಿ ಇರಲಿಲ್ಲ. ಹಲವು ಬಾರಿ ಕೇಳಿದ ಮೇಲೆ ಒಂದು ದಿನ ಹಠಾತ್ತನೆ ಅಪರಿಚಿತ ಪ್ರಸಂಗವೊಂದು ಎದುರಾಗಲಿ ಎಂಬುದೇ ರಚನಾಕಾರರ ಉದ್ದೇಶ. 1980ರಲ್ಲಿ ‘ಮ್ಯಾಡ್’ ಪತ್ರಿಕೆ ತನ್ನ ವಿಶೇಷ ಸಂಚಿಕೆಯೊಡನೆ ನೀಡಿದ ತೆಳು ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂದೇ ಬಗೆಯಾಗಿ ಆರಂಭವಾಗುವ ಹಾಡಿಗೆ ಎಂಟು ಬೇರೆ ಬೇರೆ ಅಂತ್ಯಗಳಿದ್ದವು. 2014ರಲ್ಲಿ ಜ್ಯಾಕ್ ವೈಟ್ ‘ಲಜರೆಟ್ಟೊ’ ತಟ್ಟೆಯಲ್ಲಿ ಇದನ್ನು ತಿರುವುಮುರುವು ಮಾಡಿದ. ಅಲ್ಲಿ ಒಂದು ಹಾಡಿನ ಎರಡು ಆರಂಭಗಳು ಮುಂದೆ ಒಂದೇ ಜಾಡಿನಲ್ಲಿ ಸೇರುತ್ತವೆ.

ನಮ್ಮ ಕಾವ್ಯಪರಂಪರೆಯನ್ನು ಬಲ್ಲವರಿಗೆ ಇಲ್ಲಿ ಸಂಧಾನಕಾವ್ಯಗಳ ನೆನಪಾಗುವುದು ಸಹಜ. ಜೈನಕವಿ ಧನಂಜಯನ ‘ದ್ವಿಸಂಧಾನ’ದ 18 ಸರ್ಗಗಳು ರಾಮಕಥೆಯನ್ನೂ ಪಾಂಡವಕಥೆಯನ್ನೂ ಏಕಕಾಲದಲ್ಲಿ ಹೇಳುತ್ತವೆ. ಕದಂಬ ದೊರೆ ಕಾಮದೇವನ ಆಶ್ರಯದಲ್ಲಿದ್ದ ಕವಿರಾಜನ ‘ರಾಘವಪಾಂಡವೀಯ’ದ ಮಾರ್ಗವೂ ಅದೇ. ಮೇಘವಿಜಯಗಣಿಯ ‘ಸಪ್ತಸಂಧಾನ’ದಲ್ಲಿ ಐವರು ತೀರ್ಥಂಕರರೊಡನೆ ರಾಮ, ಕೃಷ್ಣರ ಚರಿತೆಯೂ ಸೇರಿ ಏಳು ಕಥೆಗಳಿವೆ. ಆದರೆ ಸಾದೃಶ್ಯವನ್ನು ಹೆಚ್ಚು ಎಳೆಯಲಾಗದು. ಸಂಧಾನಕಾವ್ಯದಲ್ಲಿ ಶಬ್ದಶ್ರೇಣಿ ಒಂದೇ, ಅರ್ಥಗಳು ಹಲವು. ಪದಚ್ಛೇದವನ್ನು ಬಲ್ಲ ಓದುಗನ ಮುಂದೆ ಎರಡು ಕಥೆಗಳೂ ಒಟ್ಟಿಗೆ ನಿಲ್ಲುತ್ತವೆ. ತಟ್ಟೆಯಲ್ಲಿ ಶಬ್ದಶ್ರೇಣಿಗಳೇ ಬೇರೆ. ಅವು ಹಂಚಿಕೊಂಡಿರುವುದು ಸ್ಥಳವನ್ನು ಮಾತ್ರ. ಒಂದೇ ವಸ್ತುವಿನ ಅನೇಕ ಧರ್ಮಗಳನ್ನು ಹೇಳುವ ಅನೇಕಾಂತಕ್ಕೆ ಇದನ್ನು ದೃಷ್ಟಾಂತವಾಗಿ ಕೊಡುವುದೂ ಅದೇ ಕಾರಣಕ್ಕೆ ಸಲ್ಲದು.

ನಿಜವಾದ ಹೋಲಿಕೆ ಇರುವುದು ಓಲೆಗರಿಯ ಕಟ್ಟಿನೊಡನೆ. ಒಂದೇ ಕಟ್ಟಿನಲ್ಲಿ ಹಲವು ಕೃತಿಗಳಿದ್ದು, ಮೊದಲ ಕೃತಿಯ ಹೆಸರನ್ನಷ್ಟೇ ಸೂಚಿಯಲ್ಲಿ ಬರೆದರೆ ಉಳಿದವು ಭಂಡಾರದೊಳಗಿದ್ದೂ ಇಲ್ಲದಂತಾಗುತ್ತವೆ. ಬಹುಜಾಡಿನ ತಟ್ಟೆಗೆ ಇದೇ ಅಪಾಯ ಇನ್ನೂ ತೀವ್ರ. ಹಳೆಯ ತಟ್ಟೆಗಳನ್ನು ಗಣಕಕ್ಕೆ ಇಳಿಸುವಾಗ ಮುಖವೊಂದನ್ನು ಸಾಮಾನ್ಯವಾಗಿ ಒಮ್ಮೆ ನುಡಿಸುತ್ತಾರೆ. ಆ ಒಂದು ಸಲ ಸಿಕ್ಕ ಜಾಡೇ ಕೃತಿಯೆಂದು ದಾಖಲಾಗುತ್ತದೆ. ಓಲೆಯ ಕಟ್ಟನ್ನು ಬಿಚ್ಚಿದವನಿಗೆ ಮುಂದಿನ ಗರಿಗಳು ಕಣ್ಣಿಗಾದರೂ ಬೀಳುತ್ತವೆ. ಇಲ್ಲಿ ಧ್ವನಿಯ ಕಡತದಲ್ಲಿ ಕೊರತೆಯ ಯಾವ ಗುರುತೂ ಉಳಿಯುವುದಿಲ್ಲ. ಅವಧಿ ಅರ್ಧದಷ್ಟಿದ್ದರೂ ಆರಂಭವೂ ಅಂತ್ಯವೂ ಕ್ರಮವಾಗಿಯೇ ಇರುತ್ತವೆ.

ಆದ್ದರಿಂದ ಅನುಭವಿ ಸಂಗ್ರಾಹಕನ ಪರೀಕ್ಷಾಕ್ರಮ ಸಂಶೋಧಕನಿಗೂ ಅನುಕರಣೀಯ. ಓರೆಯಾದ ಬೆಳಕಿನಲ್ಲಿ ಮಸೂರ ಹಿಡಿದು ಹೊರಅಂಚಿನಲ್ಲಿ ಎಷ್ಟು ಜಾಡುಗಳು ಆರಂಭವಾಗುತ್ತವೆಂದು ಎಣಿಸಬೇಕು. ಲೇಬಲ್ಲಿನ ಅಂಚಿಗೆ ಗುರುತಿನ ಚೀಟಿಯಿಟ್ಟು, ಮುಳ್ಳನ್ನು ಪ್ರತಿ ಬಾರಿಯೂ ಬೇರೆ ಕೋನದಲ್ಲಿ ಇಳಿಸಿ, ದೊರೆತ ಜಾಡನ್ನು ಬರೆದಿಡಬೇಕು. ನಡುವಿನ ಖಾಲಿ ವಲಯದಲ್ಲಿ ಕೊರೆದ ಅಕ್ಷರಗಳನ್ನೂ ಓದಬೇಕು. ಗೀರು ಬಿದ್ದ ತಟ್ಟೆಯಲ್ಲಿ ಮುಳ್ಳು ಪಕ್ಕದ ಜಾಡಿಗೆ ನೆಗೆದು ಒಂದು ಪ್ರಸಂಗದಿಂದ ಇನ್ನೊಂದಕ್ಕೆ ಹೋಗಬಹುದು. ಸಾಲು ತಪ್ಪಿದ ಲಿಪಿಕಾರನ ಪ್ರತಿಯಂತೆ ಅದನ್ನೂ ಎಚ್ಚರದಿಂದ ಗುರುತಿಸಬೇಕು. ಕೊನೆಗೆ ಪ್ರತಿ ಜಾಡಿಗೂ ಪ್ರತ್ಯೇಕ ದಾಖಲೆ ಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಅಂಶ ಕೈತಪ್ಪುತ್ತದೆ. ಮಾಂಟಿ ಪೈಥಾನರ ತಟ್ಟೆ ಸಿ.ಡಿ.ಯಾಗಿ ಬಂದಾಗ ಪ್ರಸಂಗಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತವು. ಪಠ್ಯ ಉಳಿಯಿತು, ಯಾವುದು ಕೇಳಿಸೀತೋ ಎಂಬ ಅನಿಶ್ಚಯ ಹೋಯಿತು. ಆ ಅನಿಶ್ಚಯವೂ ಕೃತಿಯ ಅಂಗವೇ ಆಗಿತ್ತು. ಧ್ವನಿಯ ಕಡತವನ್ನು ಪಡೆದ ಮೇಲೂ ಮೂಲ ತಟ್ಟೆಯನ್ನು ಜೋಪಾನವಾಗಿಡಬೇಕಾದದ್ದು ಇದಕ್ಕಾಗಿ. ಪ್ರತಿಲಿಪಿ ಸಿದ್ಧವಾಯಿತೆಂದು ಓಲೆಯ ಕಟ್ಟನ್ನು ನಾವು ಎಸೆಯುವುದಿಲ್ಲವಷ್ಟೆ.