ಟ್ಯೂಬಿನ ಖಾಲಿ ಡಬ್ಬಿ

ಭಾಲ್ಕಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಸೈಕಲ್ ಅಂಗಡಿ. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಆರು ಸೈಕಲ್ಲು, ಪಂಕ್ಚರ್ ನೋಡಲು ನೀರು ತುಂಬಿದ ಒಂದು ಬುಟ್ಟಿ, ಗೋಡೆಗೆ ತೂಗುಹಾಕಿದ ಹಳೆಯ ಟಾಯರು. ಇಷ್ಟೇ ಬಂಡವಾಳ. ಮುಂಜಾನೆ ಬೀದರಿನ ದಿಕ್ಕಿನಿಂದ ಗುಂಯ್‌ಗುಡುತ್ತ ಒಂದು ಸಣ್ಣ ವಿಮಾನ ಬರುತ್ತಿತ್ತು. ಜೋಳದ ಹೊಲಗಳ ಮೇಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ, ಮತ್ತೆ ಬಂದ ದಾರಿ ಹಿಡಿಯುತ್ತಿತ್ತು. ಅಪ್ಪ ಪಾನಾ ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ. “ಹೊಸಬ ಕಾಣಸ್ತಾನ, ಇನ್ನಾ ಕೈ ಕೂತಿಲ್ಲ” ಎನ್ನುತ್ತಿದ್ದ. ಸೈಕಲ್ ಕಲಿಯುವ ಹುಡುಗರ ಬಗ್ಗೆಯೂ ಅವನು ಆಡುತ್ತಿದ್ದುದು ಅದೇ ಮಾತು.

ಆ ವಿಮಾನದ ಹೆಸರು ಎಚ್‌ಟಿ-2 ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ವಾಯುಪಡೆ ಬೀದರಿನಲ್ಲಿ ಪ್ರಾಥಮಿಕ ಹಾರಾಟ ಶಾಲೆಯನ್ನು ತೆರೆಯಿತು. ಅಲ್ಲಿ ಹುಡುಗರು ಅಕ್ಷರಾಭ್ಯಾಸ ಮಾಡಿದ್ದು ಈ ವಿಮಾನದ ಮೇಲೆ. ಒಂದರ ಹಿಂದೊಂದು ಎರಡು ಆಸನ, ಮೂಗಿನಲ್ಲಿ ಒಂದು ಪಂಖ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಹುಟ್ಟಿ 1951ರಲ್ಲಿ ಮೊದಲ ಸಲ ಹಾರಿತು. ಅದನ್ನು ರೂಪಿಸಿದವರು ಡಾ. ವಿ.ಎಂ. ಘಾಟಗೆ. ಜರ್ಮನಿಯ ಗಾಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಮಹಾಪಂಡಿತನ ಕೈಕೆಳಗೆ ಕಲಿತು ಬಂದವರು. ನಾನು ಇತಿಹಾಸ ಕಲಿಸುವವಳು. ಬಹಮನಿಯವರ ಬೀದರ, ಗಾವಾನನ ಮದರಸಾ, ನಿಜಾಮರ ಆಳಿಕೆ, 1956ರ ಏಕೀಕರಣ ಎಲ್ಲವನ್ನೂ ಪಾಠ ಮಾಡಿದ್ದೇನೆ. ನಮ್ಮ ತಲೆಯ ಮೇಲೆಯೇ ಹಾರುತ್ತಿದ್ದ ಈ ಇತಿಹಾಸವನ್ನು ಯಾವ ಪಠ್ಯದಲ್ಲಿಯೂ ನಾನು ಕಾಣಲಿಲ್ಲ.

ವಿಮಾನದ ಕಥೆ ಆರಂಭವಾಗುವುದೂ ಒಂದು ಸೈಕಲ್ ಅಂಗಡಿಯಿಂದಲೇ. ರೈಟ್ ಸಹೋದರರು ಸೈಕಲ್ ಮಾಡಿ ಮಾರುತ್ತಿದ್ದವರು. 1899ರಲ್ಲಿ ಒಂದು ದಿನ ವಿಲ್ಬರ್ ರೈಟ್ ಕೈಯಲ್ಲಿ ಟ್ಯೂಬಿನ ಉದ್ದನೆಯ ಖಾಲಿ ರಟ್ಟಿನ ಡಬ್ಬಿ ಇತ್ತು. ಮಾತಾಡುತ್ತ ಅದರ ಎರಡು ತುದಿಗಳನ್ನು ಎದುರುಬದುರಾಗಿ ತಿರುಚಿದ. ರೆಕ್ಕೆಯನ್ನೂ ಹೀಗೆಯೇ ತಿರುಚಿದರೆ? ಒಂದು ಬಾಜು ಗಾಳಿ ಹೆಚ್ಚು ಎತ್ತುತ್ತದೆ, ಇನ್ನೊಂದು ಬಾಜು ಕಡಿಮೆ. ವಿಮಾನ ವಾಲುತ್ತದೆ. 1903ರಲ್ಲಿ ಅವರು ಹಾರಿದ್ದು ಈ ಉಪಾಯದಿಂದ. ಮುಂದೆ ರೆಕ್ಕೆಯನ್ನೇ ತಿರುಚುವ ಬದಲು ಅದರ ಹಿಂಬದಿಯ ಅಂಚಿಗೆ ಕೀಲು ಹಾಕಿ ಸಣ್ಣ ಹಲಗೆ ಕೂಡಿಸಿದರು. ಅದೇ ಏಲರಾನ್. ಅಂಥ ಡಬ್ಬಿಗಳು ನಮ್ಮ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಅವ್ವ ಅವನ್ನು ಒಲೆ ಹೊತ್ತಿಸಲು ಬಳಸುತ್ತಿದ್ದಳು!

ಉಳಿದದ್ದನ್ನು ನನಗೆ ಹೇಳಿಕೊಟ್ಟವರು ಬೀದರಿನಲ್ಲಿ ನಮ್ಮ ಓಣಿಯ ಒಬ್ಬ ಕಾಕಾ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಪೈಲಟ್ ಕೋಲನ್ನು ಎಡಕ್ಕೆ ಒತ್ತಿದರೆ ಎಡ ರೆಕ್ಕೆಯ ಹಲಗೆ ಮೇಲೇಳುತ್ತದೆ, ಬಲದ್ದು ಕೆಳಗಿಳಿಯುತ್ತದೆ, ಎಡ ರೆಕ್ಕೆ ಬಾಗುತ್ತದೆ. ಕೋಲನ್ನು ತನ್ನತ್ತ ಎಳೆದರೆ ಬಾಲದ ಎಲಿವೇಟರ್ ಮೇಲೇಳುತ್ತದೆ. ಗಾಳಿ ಬಾಲವನ್ನು ಕೆಳಗೆ ದೂಡಿ ಮೂಗು ಮೇಲಾಗುತ್ತದೆ. ಕಾಲಿನ ಪೆಡಲ್‌ಗೆ ಚುಕ್ಕಾಣಿ. ತಮಾಷೆಯೆಂದರೆ, ಎಡಕ್ಕೆ ವಾಲಿಸಿದ ಕ್ಷಣ ಮೂಗು ಬಲಕ್ಕೆ ಜಗ್ಗುತ್ತದೆ. ಏಕೆಂದರೆ ಮೇಲೇಳುವ ರೆಕ್ಕೆಗೆ ಗಾಳಿಯ ತಡೆಯೂ ಹೆಚ್ಚು. ಅದಕ್ಕೆ ಕೈ ಜೊತೆಗೆ ಕಾಲೂ ಆಡಬೇಕು. ಭಾಲ್ಕಿಯ ಮೇಲೆ ಹೊಸಬರು ತಡವರಿಸುತ್ತಿದ್ದುದರಲ್ಲಿ ಇದೂ ಸೇರಿರಬೇಕು.

“ಟ್ರಿಮ್ ಅಂದ್ರೇನ್ರಿ ಕಾಕಾ?” ಎಂದು ಕೇಳಿದೆ. ಅವರು ಬಾಗಿಲ ಬಳಿ ಕರೆದರು. ಕೀಲಿನ ಹತ್ತಿರ ಕೈಯಿಟ್ಟು ದೂಡಲು ಹೇಳಿದರು. ಕದ ಅಲುಗಲಿಲ್ಲ. ತುದಿಯ ಅಂಚಿಗೆ ಒಂದು ಬೆರಳಿಡಲು ಹೇಳಿದರು. ಸರಾಗ ತಿರುಗಿತು. ಎಲಿವೇಟರಿನ ತುದಿಯಂಚಿನಲ್ಲಿ ಅಂಗೈಯಗಲದ ಇನ್ನೊಂದು ಪಟ್ಟಿ ಇರುತ್ತದೆ. ಅದೇ ಟ್ರಿಮ್ ಟ್ಯಾಬ್. ಅದನ್ನು ಕೆಳಗೆ ಬಾಗಿಸಿದರೆ ಗಾಳಿ ಎಲಿವೇಟರನ್ನು ಮೇಲೆ ಎತ್ತಿ ಹಿಡಿಯುತ್ತದೆ. ಜರ್ಮನಿಯ ಆಂಟನ್ ಫ್ಲೆಟ್ನರ್ ಇದೇ ಯುಕ್ತಿಯನ್ನು ಹಡಗಿನ ಚುಕ್ಕಾಣಿಗೂ ಹೂಡಿದ್ದ.

ಯಾಕೆ ಬೇಕು ಇದು? ನನಗೆ ಅಪ್ಪ ನೆನಪಾದ. ಹ್ಯಾಂಡಲಿನ ಒಂದೇ ಬಾಜು ಹಾಲಿನ ಕ್ಯಾನು ತೂಗುಹಾಕಿಕೊಂಡು ಬರುವವರಿಗೆ ಅವನು ಹೇಳುತ್ತಿದ್ದ, “ಆ ಕಡಿ ಒಂದು ಕಲ್ಲ ಕಟ್ಕೋರಿ, ತೋಳು ಬಿದ್ದು ಹೋಗ್ತಾವ.” ವಿಮಾನದ ವೇಗ ಹೆಚ್ಚಿದರೆ ಮೂಗು ಏಳುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಎಣ್ಣೆ ಖರ್ಚಾದಂತೆ ತೂಕ ಬದಲಾಗುತ್ತದೆ. ಪ್ರತಿಸಲವೂ ಕೋಲನ್ನು ಒತ್ತಿ ಹಿಡಿದರೆ ಅರ್ಧ ತಾಸಿನಲ್ಲಿ ಕೈ ಸೋಲುತ್ತದೆ. ಆದ್ದರಿಂದ ಮೊದಲು ಕೋಲಿನಿಂದ ಮೂಗನ್ನು ಬೇಕಾದಲ್ಲಿ ನಿಲ್ಲಿಸಬೇಕು. ಆಮೇಲೆ ಕೈಗೆ ಭಾರ ತಾಗದಿರುವ ತನಕ ಬಗಲಿನ ಚಕ್ರ ತಿರುವಬೇಕು. ಟ್ರಿಮ್‌ನಿಂದಲೇ ವಿಮಾನ ನಡೆಸಲು ಹೋಗುವ ಶಿಷ್ಯನಿಗೆ ಬೈಗುಳವೇ ಗತಿಯಂತೆ. 2008ರಲ್ಲಿ ಬೀದರಿಗೆ ಬಂದ ಹಾಕ್ ಜೆಟ್ಟಿನಲ್ಲಿ ಬಾಲದ ಅಡ್ಡ ರೆಕ್ಕೆ ಇಡಿಯಾಗಿ ತಿರುಗುತ್ತದೆ, ಹೈಡ್ರಾಲಿಕ್ ಬಲದಿಂದ. ಗಾಳಿಯ ಭಾರ ಕೈಗೆ ಬರುವುದೇ ಇಲ್ಲ. ಕೈಗೆ ಅಂದಾಜು ಸಿಗಲೆಂದು ಸ್ಪ್ರಿಂಗ್ ಇಟ್ಟು ಭಾರ ಹುಟ್ಟಿಸುತ್ತಾರೆ. ಭಾರವಿಲ್ಲದಿದ್ದರೂ ಕಷ್ಟ, ನೋಡಿ.

ಹತ್ತನೆಯ ಇಯತ್ತೆಯಲ್ಲಿ ನಾನು ಪೈಲಟ್ ಆಗುತ್ತೇನೆಂದು ತರಗತಿಯಲ್ಲಿ ಎದ್ದು ನಿಂತು ಹೇಳಿದ್ದೆ. ಮಾಸ್ತರರು ನಕ್ಕರು, ತರಗತಿಯೂ ನಕ್ಕಿತು. ಅವರದೇನೂ ಸುಳ್ಳಲ್ಲ. ಆಗ ವಾಯುಪಡೆಯಲ್ಲಿ ಹೆಣ್ಣುಮಕ್ಕಳಿಗೆ ಹಾರಾಟವಿರಲಿಲ್ಲ. ಆದರೆ ಆ ನಗೆಯ ಸಿಟ್ಟಿಗೆ ನಾನು ವಿಜ್ಞಾನವನ್ನೇ ಬಿಟ್ಟು ಆರ್ಟ್ಸ್ ಸೇರಿದೆ. ಅಪ್ಪನೂ ಒತ್ತಾಯ ಮಾಡಲಿಲ್ಲ. 1994ರಲ್ಲಿ ಮೊದಲ ಮಹಿಳಾ ಪೈಲಟ್‌ಗಳು ವಾಯುಪಡೆಗೆ ಬಂದಾಗ ನಾನು ಆರನೆಯ ಇಯತ್ತೆಗೆ ಅಶೋಕನನ್ನು ಕಲಿಸುತ್ತಿದ್ದೆ. 2016ರ ಜೂನ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಯುದ್ಧವಿಮಾನದ ವಿಭಾಗ ಸೇರಿ, ಹಾಕ್ ತರಬೇತಿಗೆ ಬಂದದ್ದು ನಮ್ಮ ಬೀದರಿಗೇ. ಆ ವರ್ಷ ಬಸ್ಸಿನ ಕಿಟಕಿಯಿಂದ ಜೆಟ್ ಕಂಡಾಗಲೆಲ್ಲ ಒಳಗೆ ಯಾರಿದ್ದಾರೆಂದು ಕತ್ತು ಚಾಚುತ್ತಿದ್ದೆ. ಹುಚ್ಚು, ಮತ್ತೇನು.

ಈಗ ಔರಾದ ತಾಲ್ಲೂಕಿನ ನನ್ನ ಶಾಲೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಗಣಿತದಲ್ಲಿ ಚುರುಕು. ಎಸ್ಸೆಸ್ಸೆಲ್ಸಿ ಮುಗಿದಿದೆ. ಬೀದರಿನಲ್ಲಿ ಪಿಯುಸಿ ವಿಜ್ಞಾನ ಓದಬೇಕೆಂಬ ಆಸೆ, ಅದರ ಮುಂದಿನ ಆಸೆ ಆಕಾಶದ್ದು. ಹೋದ ವಾರ ಅವರ ಮನೆಗೆ ಹೋಗಿದ್ದೆ. ತೊಗರಿ ಕಟ್ಟಿಗೆಯ ಹೊರೆಯ ಪಕ್ಕ ಚಾಪೆ ಹಾಸಿದರು, ಚಹಾ ಕೊಟ್ಟರು. ಅವಳ ತಂದೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದ:

“ಅವು ಬೀಳ್ತಾವಲ್ರಿ ಮೇಡಂ?”

ಬೀಳುತ್ತವೆ. 1996ರಲ್ಲಿ ಬೀದರಿನಲ್ಲಿ ಹುಟ್ಟಿದ ಸೂರ್ಯಕಿರಣ ತಂಡದ ವಿಮಾನ 2006ರ ಮಾರ್ಚ್‌ನಲ್ಲಿ ಬೀದರಿನ ಹತ್ತಿರವೇ ಬಿತ್ತು, ಇಬ್ಬರು ತೀರಿಕೊಂಡರು. 2009ರ ಜನವರಿಯಲ್ಲಿ ಮತ್ತೊಬ್ಬರು. ನಾನು ಸುಳ್ಳು ಹೇಳಲಿಲ್ಲ, ಎರಡನ್ನೂ ಹೇಳಿದೆ. ಬೀಳದಂತೆ ಹಿಡಿಯುವ ವಿದ್ಯೆಯೂ ಇದೆ, ಅದನ್ನು ಕಲಿಯಲಿಕ್ಕೆ ಮೊದಲು ಗಣಿತ, ಭೌತಶಾಸ್ತ್ರ ಓದಬೇಕು ಎಂದೆ. ಚೀಲದಲ್ಲಿದ್ದ ಟ್ಯೂಬಿನ ಡಬ್ಬಿಯನ್ನು ತೆಗೆದು ತಿರುಚಿ ತೋರಿಸಿದೆ. ಹುಡುಗಿ ತಂದೆಗೆ ನನಗಿಂತ ಚೆನ್ನಾಗಿ ವಿವರಿಸಿದಳು. ಅವನು ಡಬ್ಬಿಯನ್ನು ಕೈಗೆ ತೆಗೆದುಕೊಂಡು ಎರಡು ಸಲ ತಿರುಚಿದ.

“ನೋಡಮ್ರಿ” ಎಂದ.

ಕಾಲೇಜಿನ ಅರ್ಜಿಯನ್ನು ಅವರ ದೇವರ ಗೂಡಿನಲ್ಲಿಟ್ಟು ಕೊನೆಯ ಬಸ್ಸು ಹಿಡಿದೆ. ಸಹಿ ಇನ್ನೂ ಆಗಿಲ್ಲ. ಬರುವ ಸೋಮವಾರ ಮತ್ತೆ ಹೋಗುವವಳಿದ್ದೇನೆ.