ಗುಂಡು ಹಾರಿಸದ ಕೋಟೆ

ಅಮೆರಿಕಕ್ಕೆ ಹೋದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಸ್ವಾತಂತ್ರ್ಯದೇವಿಯ ಪ್ರತಿಮೆಯೆದುರು ನಿಂತು ತೆಗೆಸಿಕೊಂಡ ಭಾವಚಿತ್ರಗಳನ್ನು ಕಳುಹಿಸಿದ್ದಾರೆ. ಆದರೆ ಅಲ್ಲಿಗೆ ಹೋಗುವ ದೋಣಿಗೆ ಟಿಕೆಟ್ಟು ಕೊಂಡ ಕಟ್ಟಡ ಯಾವುದೆಂದು ಕೇಳಿದರೆ ಯಾರಿಗೂ ನೆನಪಿಲ್ಲ. ಮ್ಯಾನ್‌ಹಟನ್ನಿನ ದಕ್ಷಿಣ ತುದಿಯಲ್ಲಿರುವ ಆ ದುಂಡನೆಯ ಕಲ್ಲುಕೋಟೆಯೇ ಕ್ಯಾಸಲ್ ಕ್ಲಿಂಟನ್.

ಬ್ರಿಟಿಷರು ಸಮುದ್ರದಿಂದ ದಾಳಿಮಾಡಬಹುದೆಂಬ ಭಯದಿಂದ 1808ರಿಂದ 1811ರವರೆಗೆ ಅದನ್ನು ಕಟ್ಟಿದರು. ಆಗ ಅದು ದಡದಿಂದ ತುಸು ದೂರ ನೀರಿನಲ್ಲಿತ್ತು, ಇಪ್ಪತ್ತೆಂಟು ಫಿರಂಗಿಗಳಿದ್ದವು. 1812ರ ಯುದ್ಧ ಬಂದು ಹೋಯಿತು, ಶತ್ರುವಿನ ಮೇಲೆ ಒಂದು ಗುಂಡನ್ನೂ ಹಾರಿಸುವ ಪ್ರಸಂಗ ಬರಲಿಲ್ಲ. ಕೋಟೆಯೆಂದರೆ ಮುತ್ತಿಗೆ, ಕಾಳಗ ಎಂದು ತರಗತಿಯಲ್ಲಿ ಬರೆಯಿಸುತ್ತಿದ್ದ ನನಗೆ ಇದೊಂದು ಪಾಠವೇ ಸರಿ.

ಸೈನ್ಯ ಬಿಟ್ಟುಹೋದ ಮೇಲೆ 1824ರಲ್ಲಿ ಅದು ಕ್ಯಾಸಲ್ ಗಾರ್ಡನ್ ಎಂಬ ಮನರಂಜನೆಯ ತಾಣವಾಯಿತು. ಮುಂದೆ ಮೇಲೊಂದು ಛಾವಣಿಯನ್ನೂ ಹಾಕಿಸಿದರು. 1850ರಲ್ಲಿ ಸ್ವೀಡನ್ನಿನ ಗಾಯಕಿ ಜೆನಿ ಲಿಂಡ್ ಅಮೆರಿಕದಲ್ಲಿ ಮೊದಲು ಹಾಡಿದ್ದು ಅಲ್ಲಿಯೇ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿರುವುದು ಅದರ ಮುಂದಿನ ಅಧ್ಯಾಯ. ಹಡಗಿನಿಂದಿಳಿದ ಬಡ ವಲಸೆಗಾರರನ್ನು ದಡದಲ್ಲಿಯೇ ಮುತ್ತಿಕೊಂಡು, ಸುಳ್ಳು ಟಿಕೆಟ್ಟು ಮಾರಿ, ಸಾಮಾನು ಕಿತ್ತುಕೊಳ್ಳುವ ದಲಾಲಿಗಳ ಹಾವಳಿ ಆಗ ವಿಪರೀತವಾಗಿತ್ತು. ಅದನ್ನು ತಡೆಯಲೆಂದು ನ್ಯೂಯಾರ್ಕ್ ರಾಜ್ಯವು 1855ರಲ್ಲಿ ಈ ಕಟ್ಟಡವನ್ನು ವಲಸೆಗಾರರ ಠಾಣೆಯಾಗಿ ಮಾರ್ಪಡಿಸಿತು. ಹೆಸರು ಬರೆಯಿಸುವುದು, ಹಣ ಬದಲಾಯಿಸುವುದು, ರೈಲಿನ ಟಿಕೆಟ್ಟು ಕೊಳ್ಳುವುದು, ಎಲ್ಲವೂ ಒಳಗೆಯೇ. 1890ರಲ್ಲಿ ಮುಚ್ಚುವವರೆಗೆ ಸುಮಾರು ಎಂಬತ್ತು ಲಕ್ಷ ಜನರು ಈ ಬಾಗಿಲನ್ನು ದಾಟಿದರು. ಅಲ್ಲಿಯ ಗದ್ದಲ ಎಷ್ಟಿತ್ತೆಂದರೆ, ಯಹೂದಿಗಳ ಯಿಡ್ಡಿಷ್ ಭಾಷೆಯಲ್ಲಿ ಗೊಂದಲದ ಜಾಗಕ್ಕೆಲ್ಲ 'ಕೆಸ್ಸೆಲ್‌ಗಾರ್ಟನ್' ಎಂಬ ಮಾತು ಹುಟ್ಟಿಕೊಂಡಿತು! ವಲಸೆಯ ಹಳೆಯ ದಾಖಲೆಗಳನ್ನು ಎಲ್ಲಿಸ್ ದ್ವೀಪದ ಹೊಸ ಠಾಣೆಯಲ್ಲಿ ಇರಿಸಿದ್ದರು. 1897ರಲ್ಲಿ ಆ ಠಾಣೆಗೆ ಬೆಂಕಿ ಬಿದ್ದು ಅವು ಸುಟ್ಟುಹೋದವು. ಎಷ್ಟು ಮನೆಗಳ ಮೊದಲ ಪುಟವೋ!

ಅಷ್ಟರಲ್ಲಿ, 1896ರಲ್ಲಿ, ಕೋಟೆಯು ಮತ್ಸ್ಯಾಲಯವಾಗಿತ್ತು. ನಗರದ ಮಕ್ಕಳಿಗೆ ಅಚ್ಚುಮೆಚ್ಚಿನ ಸ್ಥಳ. 1941ರಲ್ಲಿ ಉದ್ಯಾನಗಳ ಅಧಿಕಾರಿ ರಾಬರ್ಟ್ ಮೋಸೆಸ್, ಸುರಂಗದ ಕಾಮಗಾರಿಯ ಕಾರಣವೊಡ್ಡಿ ಅದನ್ನು ಮುಚ್ಚಿಸಿ, ಕಟ್ಟಡವನ್ನೇ ನೆಲಸಮ ಮಾಡಹೊರಟರು. ನಾಗರಿಕರು ಬಿಡಲಿಲ್ಲ. ಮೇಲಿನ ಕಟ್ಟಡ ಹೋಯಿತು, ಮೂಲದ ಗೋಡೆ ಉಳಿಯಿತು. 1946ರಲ್ಲಿ ಅದು ರಾಷ್ಟ್ರೀಯ ಸ್ಮಾರಕವೆನಿಸಿತು. ದುರಸ್ತಿ ಮುಗಿದು ಜನರಿಗೆ ತೆರೆದುಕೊಂಡದ್ದು 1975ರಲ್ಲಿ.

ಇನ್ನು ಮುಂದೆ ಹೋಗುವವರು ದೋಣಿಯ ಅವಸರದಲ್ಲಿಯೂ ಆ ಗೋಡೆಯ ಬಳಿ ಐದು ನಿಮಿಷ ನಿಂತು ಬನ್ನಿ. ಸಾಧ್ಯವಾದರೆ ಅದರದ್ದೂ ಒಂದು ಭಾವಚಿತ್ರ ಕಳುಹಿಸಿ.