ತೊಡೆಸಂದಿನಿಂದ ಮಿದುಳಿಗೆ

ಮಿದುಳಿನ ಅಪಧಮನಿಯ ಗೋಡೆ ಬಲ ಕಳೆದುಕೊಂಡ ಜಾಗದಲ್ಲಿ, ರಕ್ತದ ಒತ್ತಡಕ್ಕೆ ಚೀಲದಂತೆ ಹೊರಚಾಚುವ ಉಬ್ಬೇ ಅನ್ಯೂರಿಸಂ. ಒಡೆದರೆ ಮಿದುಳಿನ ಸುತ್ತ ರಕ್ತ ಹರಡಿ ಪ್ರಾಣಕ್ಕೆ ಕುತ್ತು. ಸುಮಾರು ಐವರು ರೋಗಿಗಳಲ್ಲಿ ಒಬ್ಬರಿಗೆ ಇಂಥ ಉಬ್ಬುಗಳು ಒಂದಕ್ಕಿಂತ ಹೆಚ್ಚಿರುತ್ತವೆ.

ಬದುಕಿರುವವರ ಮಿದುಳಿನ ರಕ್ತನಾಳಗಳನ್ನು ಎಕ್ಸ್‌ರೇಯಲ್ಲಿ ಕಾಣಿಸಿದ್ದು ಲಿಸ್ಬನ್ನಿನ ಎಗಾಸ್ ಮೊನಿಜ್, 1927ರಲ್ಲಿ. ಹತ್ತು ವರ್ಷದ ಬಳಿಕ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ತಲೆಬುರುಡೆ ತೆರೆದು, ಉಬ್ಬಿನ ಕತ್ತಿಗೆ ಬೆಳ್ಳಿಯ ಕ್ಲಿಪ್ ಹಾಕಿದರು. ಮುಂದೆ ದಶಕಗಟ್ಟಲೆ ಅದೇ ದಾರಿ. ಆದರೆ ಉಬ್ಬುಗಳು ಎಡಕ್ಕೊಂದು ಬಲಕ್ಕೊಂದು ಇದ್ದರೆ ಬುರುಡೆಯನ್ನು ಎರಡು ಸಲ ತೆರೆಯಬೇಕಾಗಿ ಬರುತ್ತಿತ್ತು.

ರಕ್ತನಾಳದ ಒಳಗಿನಿಂದಲೇ ಹೋಗುವ ಯೋಚನೆಗೆ ಗಟ್ಟಿ ರೂಪ ಕೊಟ್ಟವರು ಮಾಸ್ಕೋದ ಫ್ಯೋದರ್ ಸೆರ್ಬಿನೆಂಕೊ. ಕ್ಯಾತಿಟರ್ ಎಂಬ ತೆಳು ಕೊಳವೆಯ ತುದಿಯ ಪುಟ್ಟ ಬಲೂನನ್ನು ಬೇಕಾದಲ್ಲಿ ಬಿಟ್ಟುಬರುವ ಅವರ ವಿಧಾನದ ವರದಿ 1974ರಲ್ಲಿ ಹೊರಬಂತು. ಬಲೂನಿಗೂ ತೊಡಕಿತ್ತು: ಅದು ಉಬ್ಬಿನ ಆಕಾರಕ್ಕೆ ಒಗ್ಗುವುದಿಲ್ಲ, ತೆಳುಗೋಡೆಯನ್ನು ಒತ್ತುತ್ತದೆ.

ಪರಿಹಾರ ಸಿಕ್ಕಿದ್ದು ಅರ್ಧ ಆಕಸ್ಮಿಕವಾಗಿ. ಇಟಲಿಯ ಗೈಡೊ ಗುಗ್ಲಿಯೆಲ್ಮಿ ವಿದ್ಯುತ್ತಿನಿಂದ ರಕ್ತ ಹೆಪ್ಪುಗಟ್ಟಿಸುವ ಪ್ರಯೋಗದಲ್ಲಿದ್ದಾಗ ಉಕ್ಕಿನ ತಂತಿಯ ತುದಿ ಕರಗಿ ಕಳಚಿಕೊಂಡಿತ್ತು. ಬೇರೆಯವರು ಕೆಟ್ಟ ಪ್ರಯೋಗವೆಂದು ಬದಿಗಿಡಬಹುದಾಗಿದ್ದ ಈ ಸಂಗತಿಯೇ ಮುಂದೆ ಸಾಧನದ ತತ್ವವಾಯಿತು. ಲಾಸ್ ಏಂಜಲೀಸ್‌ನಲ್ಲಿ ಅವರು ಮೆತ್ತಗಿನ ಪ್ಲಾಟಿನಂ ಸುರುಳಿಯನ್ನು ಉಕ್ಕಿನ ತಂತಿಗೆ ಬೆಸೆದರು. ತೊಡೆಸಂದಿನ ಅಪಧಮನಿಯಿಂದ ಕ್ಯಾತಿಟರ್ ತೂರಿಸಿ ಸುರುಳಿಯನ್ನು ಉಬ್ಬಿನೊಳಗೆ ಸುತ್ತಿಡುವುದು. ಜಾಗ ಸರಿಯೆನಿಸಿದ ಮೇಲೆ ಸಣ್ಣ ವಿದ್ಯುತ್ ಹರಿಸಿದರೆ ಬೆಸುಗೆಯ ಬಳಿಯ ಉಕ್ಕು ಕರಗಿ ಸುರುಳಿ ಅಲ್ಲೇ ಉಳಿಯುತ್ತದೆ. ಸರಿಯಾಗಿ ಕೂರದಿದ್ದರೆ ಹಿಂದಕ್ಕೆಳೆದು ಮತ್ತೆ ಇಡಬಹುದು. ಮೊದಲ ರೋಗಿಗೆ ಇದನ್ನು ಬಳಸಿದ್ದು 1990ರಲ್ಲಿ. ಅಮೆರಿಕದ ಅನುಮತಿ ಸಿಕ್ಕಿದ್ದು 1995ರಲ್ಲಿ.

ಹಲವು ಉಬ್ಬುಳ್ಳವರಿಗೆ ಇದರ ಲಾಭ ದೊಡ್ಡದು. ಒಂದೇ ತೂತಿನ ಮೂಲಕ ಎರಡೂ ಬದಿಯ ಅಪಧಮನಿಗಳನ್ನು ತಲುಪಬಹುದು. ಯಾವುದು ಒಡೆದಿದೆಯೆಂದು ಖಚಿತವಾಗದಿದ್ದಾಗ ಒಂದೇ ಸಲಕ್ಕೆ ಒಂದಕ್ಕಿಂತ ಹೆಚ್ಚು ಉಬ್ಬುಗಳನ್ನು ಮುಚ್ಚುವ ದಾರಿಯೂ ತೆರೆಯಿತು. ಕ್ಲಿಪ್ಪಿಗೆ ಒಗ್ಗಿದ್ದ ಶಸ್ತ್ರವೈದ್ಯರ ಅನುಮಾನಕ್ಕೆ ಉತ್ತರ 2002ರಲ್ಲಿ ಬಂತು. 2143 ರೋಗಿಗಳ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಒಂದು ವರ್ಷದೊಳಗೆ ಸತ್ತವರು ಅಥವಾ ಪರಾವಲಂಬಿಗಳಾದವರು ಸುರುಳಿಯ ಗುಂಪಿನಲ್ಲಿ ಶೇ. 23.7, ಕ್ಲಿಪ್ಪಿನ ಗುಂಪಿನಲ್ಲಿ ಶೇ. 30.6.

2011ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪೈಪ್‌ಲೈನ್ ಎಂಬ ದಟ್ಟ ಜಾಲರಿ ಕೊಳವೆ ಉಬ್ಬನ್ನು ತುಂಬುವ ಗೋಜಿಗೇ ಹೋಗದೆ ರಕ್ತದ ಹರಿವನ್ನು ತಿರುಗಿಸುತ್ತದೆ. ಒಂದೇ ನಾಳದ ಅಕ್ಕಪಕ್ಕದ ಉಬ್ಬುಗಳಿಗೆ ಒಂದೇ ಕೊಳವೆ ಸಾಕಾಗಬಹುದು. ಆದರೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಬೇಕಾದ್ದರಿಂದ ಆಗತಾನೇ ಒಡೆದ ಉಬ್ಬಿಗೆ ವೈದ್ಯರು ಇದನ್ನು ಬಳಸಲು ಹಿಂಜರಿಯುತ್ತಾರೆ. ಅಪಧಮನಿ ಕವಲೊಡೆಯುವಲ್ಲಿ ಹುಟ್ಟಿದ ಅಗಲ ಬಾಯಿಯ ಕೆಲವು ಉಬ್ಬುಗಳಿಗೆ ಈಗಲೂ ಕ್ಲಿಪ್ಪನ್ನೇ ಆರಿಸುತ್ತಾರೆ.